ಟ್ಯಾಗ್ ಮುಟ್ಟಿಸಿ ಕಲಿಯುವ ಆ್ಯಪ್ ಮಾಡಬೇಕು, ಪಾಠವನ್ನು ಟ್ಯಾಗ್ ಒಳಗೇ ಬರೆಯಬಹುದಾ?

ನೀವು ಹಾಸನದಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೀರಿ. ಹೈಸ್ಕೂಲ್ ಮಕ್ಕಳು ಎನ್‌ಎಫ್‌ಸಿ ಟ್ಯಾಗಿಗೆ (ತೀರಾ ಹತ್ತಿರ ತಂದ ಫೋನಿಗೆ ತನ್ನಲ್ಲಿ ಬರೆದಿಟ್ಟದ್ದನ್ನು ರೇಡಿಯೊ ಅಲೆಯಲ್ಲಿ ಕೊಡುವ ಪುಟ್ಟ ಚಿಪ್) ಫೋನ್ ಮುಟ್ಟಿಸಿದರೆ ಪಾಠ ತೆರೆದುಕೊಳ್ಳುವಂಥ ಆ್ಯಪ್ ಮಾಡಿ, ಹಳೇಬೀಡಿನ ದೇವಸ್ಥಾನದಿಂದ ಶುರು ಮಾಡಬೇಕು ಅಂತಿದ್ದೀರಿ. ಯಾವ ಟ್ಯಾಗ್ ತಗೊಳ್ಳಲಿ, ಪಾಠ ಅದರೊಳಗೇ ಹಿಡಿಸುತ್ತದಾ ಎಂದು ಕೇಳಿದ್ದೀರಿ. ನಾನು ಚಿಕ್ಕಮಗಳೂರಿನವನು, ಆ್ಯಪ್ ಬರೆಯೋದೇ ಕಸುಬು. ಇಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಗೆ, ಪಕ್ಕದ ಕಾಫಿ ತೋಟದ ಗಿಡಮರಗಳನ್ನಿಟ್ಟುಕೊಂಡು ಇಂಥದ್ದೇ ಒಂದನ್ನು ಮಾಡಿಕೊಟ್ಟಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಪಾಠವನ್ನು ಟ್ಯಾಗ್ ಒಳಗೆ ಬರೆಯಬೇಡಿ. ಅಗ್ಗಕ್ಕೆ ಸಿಗುವ ಎನ್‌ಟ್ಯಾಗ್ 213 ಎಂಬ ಮಾದರಿಯಲ್ಲಿ ನಮ್ಮ ಬಳಕೆಗೆ ಇರೋದು 144 ಬೈಟ್. 215ರಲ್ಲಿ 504, 216ರಲ್ಲಿ 888. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಅಕ್ಷರಕ್ಕೆ ಮೂರು, ಅದರ ಮೇಲಿನ ಕಾಗುಣಿತದ ಚಿಹ್ನೆಗೆ ಇನ್ನೂ ಮೂರು, ಒತ್ತು ಬಂದರೆ ಮತ್ತಷ್ಟು. 'ಹಾಲವಾಣದ ಮರ' ಎಂದು ಬರೆಯುವಷ್ಟರಲ್ಲಿ 28 ಬೈಟ್ ಖರ್ಚಾಗಿರುತ್ತದೆ. ಟ್ಯಾಗಿನಲ್ಲಿ ನಿಮ್ಮ ವೆಬ್ ವಿಳಾಸ, ಅದರ ಕೊನೆಗೆ ಆ ವಸ್ತುವಿನ ಸಂಖ್ಯೆ, ಇಷ್ಟಿದ್ದರೆ ಸಾಕು, 213 ಧಾರಾಳವಾಯಿತು. ಪಾಠ, ಚಿತ್ರ, ಧ್ವನಿ ಎಲ್ಲವೂ ಆ್ಯಪ್ ಒಳಗಿನ ಎಸ್‌ಕ್ಯೂಲೈಟ್ ಎಂಬ, ಫೋನಿನಲ್ಲೇ ಕೂರುವ ಪುಟ್ಟ ಡೇಟಾಬೇಸಿನಲ್ಲಿರಲಿ, ಶಾಲೆಯ ವೈಫೈನಲ್ಲಿ ಮೊದಲೇ ಇಳಿಸಿಕೊಳ್ಳಲಿ. ಮಲೆನಾಡಿನ ತೋಟದೊಳಗೆ ನೆಟ್‌ವರ್ಕ್ ನಂಬಿಕೊಂಡು ಪಾಠ ಮಾಡೋಕಾಗಲ್ಲ. ಮಳೆಗಾಲದಲ್ಲಂತೂ ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ.

ಕಾರ್ಖಾನೆಯಲ್ಲೇ ಟ್ಯಾಗಿಗೆ ಹಾಕಿರುವ ಸಂಖ್ಯೆಯನ್ನು ಗುರುತಾಗಿ ಬಳಸಲು ಕೆಲವರು ಹೇಳುತ್ತಾರೆ. ಬೇಡ. ಒಂದು ಟ್ಯಾಗ್ ಕಿತ್ತುಹೋದರೆ ಅದೇ ವಿಳಾಸವನ್ನು ಇನ್ನೊಂದಕ್ಕೆ ಬರೆದು ಕಟ್ಟುವುದು ಮೇಷ್ಟ್ರ ಕೈಯಲ್ಲೇ ಆಗುವ ಕೆಲಸ. ಕಾರ್ಖಾನೆ ಸಂಖ್ಯೆಯಾದರೆ ಪ್ರತಿ ಸಲವೂ ನಿಮ್ಮ ಡೇಟಾಬೇಸ್ ತಿದ್ದಬೇಕು. ವಿಳಾಸದ ರೂಪದಲ್ಲಿ ಬರೆದರೆ ಇನ್ನೊಂದು ಅನುಕೂಲ: 2018ರ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಆಮೇಲಿನ ಫೋನುಗಳು ಆ್ಯಪ್ ಇಲ್ಲದೆಯೂ ಅದನ್ನು ಓದಿ ಪುಟ ತೆರೆಯಲು ಕೇಳುತ್ತವೆ. ಆಂಡ್ರಾಯ್ಡಿನಲ್ಲಿ ರೀಡರ್ ಮೋಡ್ ಬಳಸಿ, ಅಂದರೆ ನಿಮ್ಮ ಆ್ಯಪ್ ತೆರೆದಿರುವಾಗ ಟ್ಯಾಗ್ ಅದಕ್ಕೇ ಸಿಗುವಂತೆ ಮಾಡಿ. ಇಲ್ಲದಿದ್ದರೆ ಟ್ಯಾಗ್ ಸಿಕ್ಕಾಗ ಬೇರೆ ಆ್ಯಪ್ ಎದ್ದು ಬರಬಹುದು, ಯಾವುದರಲ್ಲಿ ತೆರೆಯಲಿ ಅಂತ ಫೋನೇ ಕೇಳಬಹುದು, ಮಕ್ಕಳು ಅಲ್ಲೇ ತಬ್ಬಿಬ್ಬಾಗುತ್ತಾರೆ.

ನಿಮ್ಮ ದೊಡ್ಡ ತೊಡಕು ಕೋಡಿನಲ್ಲಿಲ್ಲ, ಫೋನಿನಲ್ಲಿದೆ. ಮಕ್ಕಳ ಮನೆಯ ಕಡಿಮೆ ಬೆಲೆಯ ಫೋನುಗಳಲ್ಲಿ ಬಹಳಷ್ಟಕ್ಕೆ ಎನ್‌ಎಫ್‌ಸಿ ಇರೋದೇ ಇಲ್ಲ. ಹಾಗಾಗಿ ಟ್ಯಾಗಿನ ಪಕ್ಕದಲ್ಲೇ ಅದೇ ವಿಳಾಸದ ಕ್ಯೂಆರ್ ಕೋಡ್ ಅಚ್ಚು ಹಾಕಿಸಿ. ನಾಲ್ಕೈದು ಮಕ್ಕಳಿಗೆ ಒಂದು ಫೋನ್ ಎಂದೇ ಆ್ಯಪ್ ವಿನ್ಯಾಸ ಮಾಡಿ.

ಹಾಗಾದರೆ ಬರೀ ಕ್ಯೂಆರ್ ಸಾಲದಾ, ಟ್ಯಾಗ್ ಯಾಕೆ ಎಂದು ನೀವು ಕೇಳಬಹುದು. ಕ್ಯೂಆರ್ ಕೋಡಿನ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದರೆ ಮನೆಯಲ್ಲಿ ಕೂತವನೂ ಸ್ಕ್ಯಾನ್ ಮಾಡಿಬಿಡುತ್ತಾನೆ. ಟ್ಯಾಗಿಗೆ ಬ್ಯಾಟರಿಯಿಲ್ಲ. ಫೋನು ಹೊರಡಿಸುವ 13.56 ಮೆಗಾಹರ್ಟ್ಸ್ ಕ್ಷೇತ್ರದಿಂದಲೇ ಅದು ಶಕ್ತಿ ಪಡೆಯಬೇಕು, ಅದಕ್ಕೆ ಕೆಲವೇ ಸೆಂಟಿಮೀಟರ್ ಹತ್ತಿರ ಬರಬೇಕು. ಅಂದರೆ ಮಗು ಆ ಗಿಡದ ಬುಡದಲ್ಲೇ ನಿಂತಿರುತ್ತದೆ. ಅಷ್ಟು ಹತ್ತಿರ ಕರೆಸಿಕೊಂಡು ಮತ್ತೆ ಪರದೆ ಓದಿಸಿದರೆ ಪಠ್ಯಪುಸ್ತಕ ಏನು ತಪ್ಪು ಮಾಡಿತ್ತು? ಪರದೆಯ ಮೇಲೆ ಬರುವುದು ಆ ವಸ್ತುವನ್ನು ನೋಡದೆ, ಮುಟ್ಟದೆ ಉತ್ತರಿಸಲಾಗದ ಪ್ರಶ್ನೆ ಆಗಿರಬೇಕು. ನಿಮ್ಮ ಆ್ಯಪಿನ ಜೀವ ಇರೋದೇ ಅಲ್ಲಿ.

ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರದ ಟ್ಯಾಗ್ ಮುಟ್ಟಿಸಿದರೆ 'ಕೆಳಗೆ ಬಿದ್ದಿರುವ ಎಲೆ ಎತ್ತಿಕೊಂಡು ಮಗುಚಿ ನೋಡು, ಅಡಿಯ ಬಣ್ಣ ಯಾವುದು?' ಎಂದಷ್ಟೇ ಬರುತ್ತದೆ. ಎಲೆಯ ಬೆಳ್ಳಿ ಬಣ್ಣದ ಅಡಿಮೈ ಕಂಡಮೇಲೆ ಮರದ ಹೆಸರನ್ನು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಇನ್ನೊಂದು ಟ್ಯಾಗ್ ಅರೇಬಿಕಾ ಗಿಡದ್ದು: 'ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ಬೆರಳಾಡಿಸು, ಎಲ್ಲಾದರೂ ಉಬ್ಬಿದ ಗೆರೆ ಸಿಗುತ್ತದಾ?' ಒಬ್ಬ ಹುಡುಗಿ ಬೆರಳಾಡಿಸುತ್ತಾ ಒಂದು ಕಡೆ ನಿಲ್ಲಿಸಿದಳು. ಮುಂದಿನ ಪರದೆ ಬರುವ ಮೊದಲೇ, 'ಸಾರ್, ಇದು ಬೋರರ್ ಹೊಡೆದಿರೋ ಗಿಡ, ನಮ್ಮಪ್ಪ ಇಂಥದನ್ನ ಕಿತ್ತು ಸುಟ್ಟು ಹಾಕ್ತಾರೆ' ಅಂದಳು. ಬಿಳಿ ಕಾಂಡಕೊರಕದ ಮರಿಹುಳು ಕಾಂಡದೊಳಗೆ ಕೊರೆದು ದಾರಿ ಮಾಡಿಕೊಳ್ಳುವಾಗ ಹೊರಗೆ ಏಳುವ ಗೆರೆ ಅದು. ನಾವು ಬರೆದಿಟ್ಟಿದ್ದ ವಿವರಣೆಗಿಂತ ಅವಳ ಮಾತೇ ಚೆನ್ನಾಗಿತ್ತು. ಮನೆಯವರ ಒಪ್ಪಿಗೆ ಪಡೆದು ಅವಳ ಧ್ವನಿಯಲ್ಲೇ ಅದನ್ನು ಆ ಟ್ಯಾಗಿನ ಪಾಠಕ್ಕೆ ಸೇರಿಸಿದೆವು. ಕೂಲಿ ಮಾಡುವವರ ಮಕ್ಕಳಿಗೆ, ಬೆಳೆಗಾರರ ಮಕ್ಕಳಿಗೆ ತೋಟದ ಬಗ್ಗೆ ಗೊತ್ತಿರುವುದು ನಮ್ಮ ನಿಮ್ಮಂಥವರಿಗೆ ಗೊತ್ತಿಲ್ಲ. ಅವರಿಂದ ಕೇಳಿ ತುಂಬಿಸಿಕೊಳ್ಳಲು ಆ್ಯಪಿನಲ್ಲಿ ಜಾಗ ಇಡಿ.

ಮಕ್ಕಳ ಹೆಸರು, ಫೋನ್ ನಂಬರ್ ಕೇಳಬೇಡಿ. ಗುಂಪಿಗೊಂದು ಹೆಸರಿದ್ದರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು.

ಕೆಲವು ಸಣ್ಣ ವಿಷಯ. ಕಬ್ಬಿಣದ ಬೋರ್ಡಿನ ಮೇಲೆ ಮಾಮೂಲಿ ಸ್ಟಿಕರ್ ಓದುವುದಿಲ್ಲ, ಹಿಂದೆ ಲೋಹದ ಅಡ್ಡಿ ತಡೆಯುವ ಫೆರೈಟ್ ಪದರ ಇರುವ ಟ್ಯಾಗೇ ಬೇಕು. ಮರಕ್ಕೆ ಮೊಳೆ ಹೊಡೆಯಬೇಡಿ, ಪ್ಲಾಸ್ಟಿಕ್ ಬಿಲ್ಲೆಯೊಳಗಿನ ಟ್ಯಾಗನ್ನು ದಾರದಲ್ಲಿ ಸಡಿಲವಾಗಿ ಕಟ್ಟಿ. ಫೋನಿನ ಆಂಟೆನಾ ಕೆಲವಕ್ಕೆ ಕ್ಯಾಮೆರಾ ಪಕ್ಕ, ಕೆಲವಕ್ಕೆ ಬೆನ್ನಿನ ನಡುವೆ. ಮಕ್ಕಳು ಯಾವುದೋ ತುದಿ ಒತ್ತಿ ಹಿಡಿದು 'ಬರ್ತಿಲ್ಲ' ಅನ್ನುತ್ತಾರೆ. ನಿಧಾನಕ್ಕೆ ಜರುಗಿಸಿ ಎಂದು ಚಿತ್ರದಲ್ಲೇ ತೋರಿಸಿ. ಕೊನೆಗೆ ಟ್ಯಾಗನ್ನು ಲಾಕ್ ಮಾಡಿ, ಇಲ್ಲದಿದ್ದರೆ ಯಾರು ಬೇಕಾದರೂ ಬೇರೆ ವಿಳಾಸ ಬರೆದುಬಿಡಬಹುದು. ಶಾಶ್ವತ ಲಾಕ್ ಬಿಚ್ಚಲು ಬರುವುದಿಲ್ಲ. ಮುಂದೆ ತಿದ್ದುವ ಅಗತ್ಯ ಇದ್ದರೆ ಪಾಸ್‌ವರ್ಡ್ ಹಾಕಿ.

ಇನ್ನು ಹಳೇಬೀಡು. ದಯವಿಟ್ಟು ಅಲ್ಲಿನ ಕಲ್ಲಿನ ಮೇಲೆ ಏನನ್ನೂ ಅಂಟಿಸಬೇಡಿ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, 2023ರಿಂದ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಯಲ್ಲೂ ಇದೆ. ಬಳಪದ ಕಲ್ಲು ಮೆದು, ಅಂಟು ಕೆರೆದರೂ ಗಾಯವಾಗುತ್ತದೆ. ಟ್ಯಾಗ್ ಗೋಡೆಗೇ ಇರಬೇಕು ಅಂತೇನಿಲ್ಲವಲ್ಲ. ಗಟ್ಟಿ ರಟ್ಟಿನ ಕಾರ್ಡುಗಳ ಬೆನ್ನಿಗೆ ಟ್ಯಾಗ್ ಅಂಟಿಸಿ, ಮುಂದೆ ಗೋಡೆಯ ಒಂದೊಂದು ಭಾಗದ ಚಿತ್ರ ಹಾಕಿ, ಗುಂಪಿಗೊಂದು ಕಟ್ಟು ಕೊಡಿ. ಚಿತ್ರದ ಜಾಗವನ್ನು ಗೋಡೆಯಲ್ಲಿ ಹುಡುಕಿಕೊಂಡು ಹೋಗಿ, ಅದರ ಮುಂದೆ ನಿಂತು ಕಾರ್ಡಿಗೆ ಫೋನ್ ಮುಟ್ಟಿಸಲಿ. ಕಾರ್ಡನ್ನು ಮನೆಯಲ್ಲೂ ಮುಟ್ಟಿಸಬಹುದು ನಿಜ, ಹಾಗಾಗಿ ಇಲ್ಲಿ ಪ್ರಶ್ನೆಯೇ ಬಿಗಿಯಾಗಿರಬೇಕು, ಕಾರ್ಡಿನ ಚಿತ್ರದಲ್ಲಿ ಕಾಣದ್ದನ್ನೇ ಕೇಳಬೇಕು. ಹೊಯ್ಸಳೇಶ್ವರದ ಗೋಡೆಯಲ್ಲಿ ಕೆಳಗಿನ ಸಾಲು ಆನೆಗಳದ್ದು, ಅದರ ಮೇಲೆ ಸಿಂಹ. ಅದನ್ನು ನೀವು ಹೇಳಬೇಡಿ. 'ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಯಾವ ಪ್ರಾಣಿ? ಇಷ್ಟು ಭಾರದ ಗೋಡೆಯ ಬುಡಕ್ಕೆ ಅದನ್ನೇ ಯಾಕೆ ಇಟ್ಟಿರಬಹುದು?' ಎಂದು ಕೇಳಿ. ಇಂಥ ಪ್ರಶ್ನೆಗಳನ್ನು ಒಬ್ಬರೇ ಕೂತು ಬರೆಯಬೇಡಿ. ಕೋಡ್ ಮುಟ್ಟುವ ಮೊದಲು ನಿಮ್ಮ ಊರಿನ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರನ್ನೋ ಟೀಚರನ್ನೋ ಕರೆದುಕೊಂಡು ಒಂದು ದಿನ ಅಲ್ಲಿ ಸುತ್ತಿ ಬನ್ನಿ.