ಎಡಗಿವಿಯ ಜೀರುಂಡೆ, ಬಲ ಹೆಗಲಿನ ಕೋವಿ

ನಮ್ಮ ಕೊಡಗಿನಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ ಕೈಲ್‌ಪೊಳ್ದ್ ಮುಗಿದು ಎರಡು ವಾರ ಆಗುವಷ್ಟರಲ್ಲಿ ಕಿವಿ-ಮೂಗಿನ ಡಾಕ್ಟರಾದ ನನಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಮಾತ್ರೆ ಹೇಳಿ. ಕಿವಿಯಲ್ಲಿ ಶಿಳ್ಳೆ ಹೊಡೆದ ಹಾಗಿದೆ, ಡ್ರಾಪ್ಸ್ ಹೇಳಿ. ಪ್ರತಿ ವರ್ಷ ಇದೇ ಕತೆ, ನಾನೂ ಪ್ರತಿ ವರ್ಷ ಎರಡು ಸಾಲು ಬರೆದು ಸುಮ್ನಾಗುತ್ತಿದ್ದೆ. ಈ ಸಲ ಹಾಗೆ ಮಾಡುವುದಿಲ್ಲ. ಉಳಿದ ಪ್ರಶ್ನೆ ಕಳಿಸಿದವರು ಬೇಜಾರು ಮಾಡ್ಕೋಬೇಡಿ, ನಿಮ್ಮದಕ್ಕೆ ಚಿಕ್ಕ ಉತ್ತರವೇ ಸಾಕು.

ಪ್ರಶ್ನೆ: ಮಳೆಗಾಲ ಪೂರ್ತಿ ಕಿವಿ ತುರಿಸುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡಬಹುದಾ? (ಸುಂಟಿಕೊಪ್ಪ)

ಬೇಡ. ಜುಲೈನಲ್ಲಿ ನಮ್ಮ ಮನೆಗಳ ಗೋಡೆ, ಚಪ್ಪಲಿ, ಬೀರುವಿನಲ್ಲಿಟ್ಟ ಮದುವೆ ಕೋಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ ಅಲ್ವಾ? ಅದೇ ಜಾತಿಯದು ಕಿವಿಯೊಳಗೂ ಹಿಡಿಯುತ್ತದೆ. ಒದ್ದೆ ಜಾಗಕ್ಕೆ ಎಣ್ಣೆ ಬಿಟ್ಟರೆ ಅದಕ್ಕೆ ಇನ್ನೂ ಅನುಕೂಲ. ತೋರಿಸಿ ಕ್ಲೀನ್ ಮಾಡಿಸಿ, ಕೊಟ್ಟ ಡ್ರಾಪ್ಸನ್ನು ಹೇಳಿದಷ್ಟು ದಿನ ಹಾಕಿ. ತುರಿಕೆ ನಿಂತಿತು ಅಂತ ಮೂರನೇ ದಿನಕ್ಕೆ ಬಿಡಬೇಡಿ. ಸ್ಕೂಟರ್ ಕೀ ಸ್ಕೂಟರಿಗೆ ಮಾತ್ರ.

ಪ್ರಶ್ನೆ: ಕಾಫಿ ಹೂ ಬಿಟ್ಟಾಗ ಸೀನು ಜಾಸ್ತಿ. ತೋಟದಿಂದ ದೂರ ಇರಬೇಕಾ? (ಸಿದ್ದಾಪುರ)

ತೋಟ ಬಿಟ್ಟು ಎಲ್ಲಿಗೆ ಹೋಗುತ್ತೀರಿ? ಮೊದಲು ಹಾಸಿಗೆ, ರಗ್ಗು, ದಿಂಬು ಬಿಸಿಲಿಗೆ ಹಾಕಿ. ಹೂವಿನ ಮೇಲೆ ದೂರು ಹೇಳುವ ತುಂಬ ಜನರಿಗೆ ನಿಜವಾಗಿ ಆಗದಿರುವುದು ಮನೆಯೊಳಗಿನ ಧೂಳಿನ ನುಸಿ.

ಪ್ರಶ್ನೆ: ನನಗೆ 54 ವರ್ಷ. ಎಡಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು, ಎರಡು ವರ್ಷ ಆಯಿತು. ರಾತ್ರಿ ಜಾಸ್ತಿ. ನರ ವೀಕ್ ಅಂತ ಒಬ್ಬರು ವಿಟಮಿನ್ ಇಂಜೆಕ್ಷನ್ ಕೊಟ್ಟರು. ಸಂತೆಯಲ್ಲಿ ಒಬ್ಬ ಕೊಟ್ಟ ಬೇರಿನ ಎಣ್ಣೆಯನ್ನೂ ಬಿಟ್ಟೆ. ಕಡಿಮೆ ಆಗಿಲ್ಲ. ಯಾವ ಮಾತ್ರೆ ಒಳ್ಳೆಯದು? ಮನೆಯಲ್ಲಿ ಕೋವಿ ಇದೆ, ಹಬ್ಬಕ್ಕೆ ತೆಂಗಿನಕಾಯಿಗೆ ಹೊಡೆಯುವುದು ಬಿಟ್ಟರೆ ಬೇರೆ ಉಪಯೋಗ ಇಲ್ಲ. (ನಾಪೋಕ್ಲು ಕಡೆಯವರು)

ಆ ಕೊನೆಯ ವಾಕ್ಯ ಬರೆದಿದ್ದಕ್ಕೆ ಥ್ಯಾಂಕ್ಸ್. ಕ್ಲಿನಿಕ್ಕಿನಲ್ಲಿ ಅದನ್ನು ಬಾಯಿ ಬಿಡಿಸಲು ನನಗೆ ಕಾಲು ಗಂಟೆ ಬೇಕಾಗುತ್ತದೆ. ಕೋವಿ ಹೊಡೀತೀರಾ ಅಂದರೆ "ಅಯ್ಯೋ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ, ಪಕ್ಕದಲ್ಲಿ ಕೂತ ಹೆಂಡತಿ ಮುಖ ತಿರುಗಿಸಿ ಕಿಟಕಿ ನೋಡುತ್ತಾರೆ. ನಾನು ಅರಣ್ಯ ಇಲಾಖೆಯವನಲ್ಲ ಮಾರಾಯ್ರೆ. ಯಾವುದಕ್ಕೆ ಹೊಡೆದಿರಿ ಅನ್ನುವುದು ನನಗೆ ಬೇಡ. ಎಷ್ಟು ವರ್ಷದಿಂದ, ಯಾವ ಹೆಗಲಿಗೆ ಇಟ್ಟು, ಕಿವಿಗೆ ಏನಾದರೂ ಹಾಕಿದ್ದಿರಾ, ಇಷ್ಟು ಹೇಳಿದರೆ ಸಾಕು. ಮೂರನೆಯದಕ್ಕೆ ಉತ್ತರ ಯಾವಾಗಲೂ ಒಂದೇ, ಅದು ನನಗೆ ಗೊತ್ತು.

ನೀವು ಬಲಗೈಯವರು ಅಂತ ಅಂದುಕೊಳ್ಳುತ್ತೇನೆ. ಕೋವಿಯ ಹಿಡಿಯನ್ನು ಬಲ ಹೆಗಲಿಗೆ ಒತ್ತಿ, ಕೆನ್ನೆ ಅದಕ್ಕೆ ತಾಗಿಸಿ ಗುರಿ ನೋಡುವಾಗ ನಿಮ್ಮ ತಲೆ ಸ್ವಲ್ಪ ತಿರುಗಿರುತ್ತದೆ. ಬಲಗಿವಿ ಹಿಂದಕ್ಕೆ, ಹೆಗಲಿನ ಕಡೆಗೆ ಹೋಗಿ ತಲೆಯ ಮರೆಯಲ್ಲಿ ಕೂರುತ್ತದೆ. ಎಡಗಿವಿ ಮುಂದೆ ಬಂದು ಕೋವಿಯ ಬಾಯಿಗೆ ನೇರ ಸಿಗುತ್ತದೆ. ಅದಕ್ಕೇ ಬಲಗೈಯಲ್ಲಿ ಹೊಡೆಯುವವರ ಎಡಗಿವಿ ಮೊದಲು ಹಾಳಾಗುವುದು. ಪ್ರಪಂಚದ ಸೈನಿಕರಲ್ಲೂ ಬೇಟೆಗಾರರಲ್ಲೂ ಇದೇ ಕಂಡಿದೆ. ಇದು ನನ್ನ ಹಳೇ ಆಸಕ್ತಿಯ ವಿಷಯ, ಎಷ್ಟೋ ಸಲ ಹಿಯರಿಂಗ್ ಟೆಸ್ಟಿನ ಗ್ರಾಫ್ ನೋಡಿಯೇ "ನೀವು ಎಡಚರಾ?" ಅಂತ ಕೇಳಿ ಜನರನ್ನು ಬೆಚ್ಚಿಬೀಳಿಸಿದ್ದೇನೆ.

ಆ ಗ್ರಾಫನ್ನು ಒಮ್ಮೆ ನೋಡಿ. ಎಡದಿಂದ ಬಲಕ್ಕೆ ದಪ್ಪ ಸದ್ದಿನಿಂದ ಕೀರಲು ಸದ್ದಿನ ಕಡೆಗೆ ಗೆರೆ ಹೋಗುತ್ತದೆ. ಕೋವಿ ಕಿವಿಯಲ್ಲಿ ಆ ಗೆರೆ ಮೊದಲೆಲ್ಲ ಸಮನಾಗಿ ಬಂದು, 4000 ಹರ್ಟ್ಸ್ ಹತ್ತಿರ ದಿಢೀರ್ ಅಂತ ಕೆಳಗೆ ಬಿದ್ದು, ಮುಂದೆ ಸ್ವಲ್ಪ ಮೇಲೆ ಬರುತ್ತದೆ. ಗದ್ದೆ ಏರಿ ಒಂದು ಕಡೆ ಕುಸಿದ ಹಾಗೆ.

ಆ ಕುಸಿತ ಮನೆಯಲ್ಲಿ ಹೇಗೆ ಗೊತ್ತಾಗುತ್ತದೆ ಹೇಳುತ್ತೇನೆ. ಒಬ್ಬರ ಹೆಂಡತಿ ನನ್ನ ಹತ್ತಿರ ದೂರು ಹೇಳಿದ್ದು ಹೀಗೆ: "ಮನೆಗೆ ಬಂದ ನೆಂಟರಿಗೆ ಇವರು ಸಾರು ಬಡಿಸುತ್ತಾರೆ ಡಾಕ್ಟ್ರೇ. ಅವರು ಸಾಕು ಸಾಕು ಅಂತಾರೆ, ಇವರು ಹಾಕುತ್ತಲೇ ಇರುತ್ತಾರೆ." ನಾವೆಲ್ಲ ನಕ್ಕೆವು. ಆದರೆ ಅದು ಪಕ್ಕಾ ರೋಗಲಕ್ಷಣ. "ಸ" ಅನ್ನುವ ಅಕ್ಷರದ ಸದ್ದೆಲ್ಲ ಇರುವುದು ಮೇಲಿನ ಕೀರಲು ಭಾಗದಲ್ಲಿ. ಅದು ಹೋದರೆ "ಸಾಕು" ಕಿವಿಗೆ "ಹಾಕು" ಆಗಿ ಬೀಳುತ್ತದೆ. ಸೊಪ್ಪು ತನ್ನಿ ಅಂದರೆ ಉಪ್ಪು ಬರುತ್ತದೆ. ಇವರೆಲ್ಲ ನನಗೆ ಹೇಳುವುದು ಏನು? "ಕಿವಿ ಕೇಳುತ್ತೆ ಡಾಕ್ಟ್ರೇ, ಜನ ಸರಿಯಾಗಿ ಮಾತಾಡಲ್ಲ ಅಷ್ಟೇ."

ವರ್ಷಕ್ಕೆ ನಾಲ್ಕು ಗುಂಡು ತಾನೇ ಅನ್ನಬೇಡಿ. ದಿನವಿಡೀ ಕೆಲಸ ಮಾಡುವ ಜಾಗದಲ್ಲಿ 85 ಡೆಸಿಬೆಲ್ ದಾಟಿದರೆ ಕಿವಿಗೆ ಅಪಾಯ. ಒಂದೇ ಏಟಿನ ಸದ್ದಿಗೆ 140 ಮೇರೆ. 12 ಬೋರ್ ಕೋವಿ ಹೊಡೆಯುವವನ ಕಿವಿ ಹತ್ತಿರ 150 ದಾಟುತ್ತದೆ. ಹತ್ತೇ ಜಾಸ್ತಿ ಅಂತ ಕಾಣುತ್ತದೆ, ಆದರೆ ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಕಿವಿಯೊಳಗೆ ದೇಹದ ಅತಿ ಚಿಕ್ಕ ಸ್ನಾಯು ಒಂದಿದೆ, ದೊಡ್ಡ ಸದ್ದು ಬಂದರೆ ಅದು ಮೂಳೆಯನ್ನು ಬಿಗಿ ಹಿಡಿದು ಒಳಗೆ ಹೋಗುವ ಪೆಟ್ಟು ಕಡಿಮೆ ಮಾಡುತ್ತದೆ. ಗುಡುಗಿಗೆ ಅದು ಒಂಚೂರು ಕೆಲಸಕ್ಕೆ ಬಂದೀತು. ಗುಂಡಿಗೆ ಇಲ್ಲ. ಅದು ಎಚ್ಚರ ಆಗುವಷ್ಟರಲ್ಲಿ ಗುಂಡಿನ ಸದ್ದು ಒಳಗೆ ಹೋಗಿ ಕೆಲಸ ಮುಗಿಸಿರುತ್ತದೆ.

ಹಾಳಾಗುವುದು ಒಳಗಿವಿಯಲ್ಲಿ ಸದ್ದು ಹಿಡಿಯುವ ಸಣ್ಣ ರೋಮಕೋಶಗಳು. ಒಂದು ಕಿವಿಗೆ ಸುಮಾರು 15,000 ಇರುತ್ತವೆ, ಹುಟ್ಟುವಾಗ ತಂದದ್ದಷ್ಟೇ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮನುಷ್ಯರಿಗೆ ಅಂತ ಹೇಳಬೇಕು, ಯಾಕೆಂದರೆ ಕೋಳಿಗೆ ಹುಟ್ಟುತ್ತವೆ! 1980ರ ದಶಕದಲ್ಲೇ ಇದು ಪತ್ತೆಯಾಯಿತು. ದೊಡ್ಡ ಸದ್ದಿಗೆ ಕಿವಿ ಹಾಳಾದ ಕೋಳಿ ಕೆಲವು ವಾರದಲ್ಲಿ ಹೊಸ ಕೋಶ ಬೆಳೆಸಿಕೊಳ್ಳುತ್ತದೆ. ಅಂದರೆ ಹಬ್ಬಕ್ಕೆ ನೀವು ಸಾರು ಮಾಡಿದ ಊರುಕೋಳಿಗೆ ಈ ವಿದ್ಯೆ ಗೊತ್ತಿತ್ತು, ಕೋವಿ ಹಿಡಿದ ನಿಮಗೆ ಗೊತ್ತಿಲ್ಲ. ಮನುಷ್ಯರಲ್ಲಿ ಇದನ್ನು ಮಾಡಿಸಲು ಪ್ರಯತ್ನ ನಡೆಯುತ್ತಲೇ ಇದೆ. ನಾವೆಲ್ಲ ಆಸೆಯಿಂದ ಕಾಯುತ್ತಿದ್ದ ಒಂದು ಔಷಧ 2023ರಲ್ಲಿ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಬಿದ್ದುಹೋಯಿತು. ದೊಡ್ಡ ದೊಡ್ಡ ಲ್ಯಾಬಿನವರಿಗೆ ಆಗದ್ದನ್ನು ಸಂತೆಯಲ್ಲಿ ಟಾರ್ಪಾಲ್ ಹಾಸಿ ಕೂತವನು 200 ರೂಪಾಯಿ ಬಾಟಲಿಯಲ್ಲಿ ಮಾಡುತ್ತಾನೆ ಅಂತ ನಂಬಿದಿರಲ್ಲ, ಅದು ನನಗೆ ಸಿಟ್ಟು. ಕಿವಿ ತಮಟೆಯ ಆಚೆಗೆ ಆ ಎಣ್ಣೆ ಹೋಗುವುದೂ ಇಲ್ಲ. ಬೀದಿಗೆ ಬೀಗ ಹಾಕಿ ಒಳಮನೆ ಕಳ್ಳನನ್ನು ಹಿಡಿದ ಹಾಗೆ.

ಈಗ ಮಾತ್ರೆ. ಸದ್ದು ನಿಲ್ಲಿಸುವ ಮಾತ್ರೆ ಇಲ್ಲ. ವಿಟಮಿನ್ ಕೊರತೆ ಇದ್ದವರಿಗೆ ವಿಟಮಿನ್ ಬೇಕು, ಕಿವಿ ಸದ್ದಿಗೆ ಅಂತ ಬೇಡ. ಗಿಂಕೋ ಅನ್ನುವ ಮರದ ಎಲೆಯಿಂದ ಮಾಡಿದ ಮಾತ್ರೆಗೆ ದುಡ್ಡು ಸುರಿಯಬೇಡಿ. "ಏಳು ದಿನದಲ್ಲಿ ಮಾಯ" ಅಂತ ಮೊಬೈಲಿನಲ್ಲಿ ಬರುವುದನ್ನು ನನಗೆ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು.

ಹಾಗಾದರೆ ಏನು ಮಾಡಬೇಕು? ಮೊದಲು ಸರಿಯಾದ ಹಿಯರಿಂಗ್ ಟೆಸ್ಟ್, ಸದ್ದಿಲ್ಲದ ರೂಮಿನಲ್ಲಿ ಮಾಡಿದ್ದು. ಮೈಸೂರಿಗೆ ಹೋಗುವುದಾದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮ ಜಿಲ್ಲೆಯವರಿಗೆ ಇಷ್ಟು ಹತ್ತಿರ ಇಂಥ ಜಾಗ ಇರುವುದು ಪುಣ್ಯ. ಎರಡನೆಯದು, ನಿಮ್ಮ ಕತೆ ಕೇಳಿದರೆ ಕೋವಿಯದೇ ಕೆಲಸ ಅಂತ ನನಗೆ ಅನ್ನಿಸುತ್ತದೆ, ಆದರೂ ಒಂದೇ ಕಿವಿಯಲ್ಲಿ ಸದ್ದು, ಅದೇ ಕಿವಿ ಮಂದ ಅಂತಾದರೆ ನಾನು ಎಂಆರ್‌ಐ ಮಾಡಿಸದೆ ಬಿಡುವುದಿಲ್ಲ. ಕಿವಿ ನರದ ಮೇಲೆ ಕ್ಯಾನ್ಸರ್ ಅಲ್ಲದ ಒಂದು ಗಡ್ಡೆ ಬೆಳೆಯುತ್ತದೆ, ಅಪರೂಪಕ್ಕೆ. ಅದೂ ಹೀಗೇ ಶುರುವಾಗುತ್ತದೆ. ಜಾಸ್ತಿ ಜನರಿಗೆ ಏನೂ ಸಿಗುವುದಿಲ್ಲ, "ಸುಮ್ನೆ ದುಡ್ಡು ಹಾಳು ಮಾಡಿಸಿದ್ರಿ" ಅಂತ ಬೈಸಿಕೊಂಡಿದ್ದೇನೆ. ಬೈಸಿಕೊಳ್ಳಲು ತಯಾರಿದ್ದೇನೆ.

ಮಂದ ಇದ್ದರೆ ಹಿಯರಿಂಗ್ ಏಡ್. ಹೊರಗಿನ ಸದ್ದು ಸರಿಯಾಗಿ ಒಳಗೆ ಹೋದರೆ ಒಳಗಿನ ಜೀರುಂಡೆ ಎಷ್ಟೋ ಜನರಿಗೆ ಹಿಂದೆ ಸರಿಯುತ್ತದೆ. ಮೆದುಳು ಬರದೇ ಇರುವ ಸದ್ದನ್ನು ಹುಡುಕಿ ವಾಲ್ಯೂಮ್ ಏರಿಸಿಕೊಂಡಿರುತ್ತದೆ, ಇದು ಅದರದ್ದೇ ಕರಕರೆ. ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ, ಫ್ಯಾನ್ ಹಾಕಿ, ಸಣ್ಣಗೆ ರೇಡಿಯೋ ಇಡಿ. ಮಳೆಗಾಲದಲ್ಲಿ ನಿಮಗೆ ಇದು ಕಡಿಮೆ ಅನ್ನಿಸಿರಬೇಕು, ಹೆಂಚಿನ ಮೇಲೆ ಬೀಳುವ ಮಳೆಗಿಂತ ಒಳ್ಳೆ ಔಷಧ ನಾನು ಕೊಡಲಾರೆ. ಸದ್ದು ಪೂರ್ತಿ ಹೋಗುತ್ತದೆ ಅಂತ ಮಾತು ಕೊಡುವುದಿಲ್ಲ. ಅದನ್ನು ಗಮನಿಸುವುದು ಕಡಿಮೆ ಆಗುತ್ತದೆ, ಅಷ್ಟು ಆಗುತ್ತದೆ.

ಇದೆಲ್ಲ ಹಳೇ ಸದ್ದಿನ ಮಾತು. ರಾತ್ರಿ ಚೆನ್ನಾಗಿ ಮಲಗಿ ಬೆಳಿಗ್ಗೆ ಒಂದು ಕಿವಿ ಕೇಳದೆ ಎದ್ದರೆ, ಅಥವಾ ಗುಂಡು ಹೊಡೆದ ಮೇಲೆ ಮಾರನೇ ದಿನವೂ ಕಿವಿ ಮುಚ್ಚಿಯೇ ಇದ್ದರೆ, ಅವತ್ತೇ ಬನ್ನಿ. ಮೂರು ದಿನದೊಳಗೆ ಬಂದರೆ ತುಂಬ ಒಳ್ಳೆಯದು, ಎರಡು ವಾರ ದಾಟಿದರೆ ನನ್ನ ಕೈಯಲ್ಲಿ ಜಾಸ್ತಿ ಏನೂ ಉಳಿಯುವುದಿಲ್ಲ. ಇದಕ್ಕೆ ಬೇಗ ಸ್ಟಿರಾಯ್ಡ್ ಕೊಡಬೇಕಾಗುತ್ತದೆ, ಶುಗರ್ ಇದ್ದವರಿಗೆ ನೋಡಿಕೊಂಡು. ಪೊನ್ನಂಪೇಟೆ ಕಡೆಯಿಂದ ಬಂದ ಒಬ್ಬ ಹುಡುಗನ ನೆನಪು ಇನ್ನೂ ಚುಚ್ಚುತ್ತದೆ. ಬೇರೆ ಒಂದು ಕಡೆ ಅವನಿಗೆ ಕಿವಿ ಒಳಗೆ ನೋಡದೆ "ಶೀತ, ಗುಗ್ಗೆ" ಅಂತ ಡ್ರಾಪ್ಸ್ ಕೊಟ್ಟು ಕಳಿಸಿದ್ದರು. ನನ್ನ ಹತ್ತಿರ ಬರುವಾಗ ಇಪ್ಪತ್ತು ದಿನ. ಕಿವಿಯಲ್ಲಿ ಒಂದು ಚೂರು ಗುಗ್ಗೆ ಇರಲಿಲ್ಲ. ಟ್ಯೂನಿಂಗ್ ಫೋರ್ಕ್ ಬಡಿದು ಹಣೆ ಮಧ್ಯ ಇಟ್ಟೆ, ಯಾವ ಕಡೆ ಕೇಳುತ್ತದೆ ಅಂದೆ. ಒಳ್ಳೆ ಕಿವಿಯ ಕಡೆಗೆ ಬೆರಳು ತೋರಿಸಿದ. ಗುಗ್ಗೆ ಆಗಿದ್ದರೆ ಮುಚ್ಚಿದ ಕಿವಿಯ ಕಡೆಗೆ ತೋರಿಸಬೇಕಿತ್ತು. ಒಂದು ಫೋರ್ಕು, ಒಂದು ನಿಮಿಷ.

ಮುಂದಿನ ಹಬ್ಬಕ್ಕೆ: ಹತ್ತಿ ಉಂಡೆ ಲೆಕ್ಕಕ್ಕಿಲ್ಲ. ಸ್ಪಂಜಿನ ಇಯರ್‌ಪ್ಲಗ್ ಒಂದು ಲೋಟ ಕಾಫಿ ದುಡ್ಡಿಗೆ ಸಿಗುತ್ತದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿ ಮೇಲಕ್ಕೆ ಎಳೆದು, ಒಳಗೆ ತೂರಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಅದು ಉಬ್ಬಿ ಕೂರಬೇಕು. ಮೇಲೆ ಇಯರ್‌ಮಫ್. ಕೋವಿಗೆ ಎರಡೂ ಬೇಕು. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಬೇಕು, ಅವರನ್ನು ಹಿಂದಕ್ಕೆ ಕಳಿಸಿ. ನಮ್ಮ ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ 2029ರವರೆಗೆ ಇದೆ, ಸಂತೋಷ. ಕಿವಿಗೆ ಅಂಥ ವಿನಾಯಿತಿ ಯಾರೂ ಕೊಟ್ಟಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಿಲ್ಲ. ನಿಮ್ಮ ತೋಟದಲ್ಲಿ ಕಳೆ ಹೊಡೆಯುವ ಮಿಷಿನ್ ಹಿಡಿಯುವ ಹುಡುಗ ಇದ್ದಾನಲ್ಲ? ಆ ಮಿಷಿನ್ ಅವನ ಕಿವಿ ಹತ್ತಿರ ಸುಲಭವಾಗಿ 95 ಡೆಸಿಬೆಲ್ ದಾಟುತ್ತದೆ. 85ಕ್ಕೆ ಎಂಟು ಗಂಟೆ ತಡೆಯುವ ಕಿವಿ, ಪ್ರತಿ ಮೂರು ಡೆಸಿಬೆಲ್ಲಿಗೆ ಸಮಯ ಅರ್ಧ ಮಾಡುತ್ತಾ ಹೋಗಿ, 97ಕ್ಕೆ ಬರೀ ಅರ್ಧ ಗಂಟೆ ತಡೆಯುತ್ತದೆ. ಅವನು ಬೆಳಿಗ್ಗೆಯಿಂದ ಸಂಜೆವರೆಗೆ ಹಿಡಿದಿರುತ್ತಾನೆ. ಕಲ್ಲು ಸಿಡಿಯುತ್ತದೆ ಅಂತ ಕನ್ನಡಕ ಕೊಡುತ್ತೀರಿ, ಕಾಲಿಗೆ ಬೂಟು ಕೊಡುತ್ತೀರಿ. ಕಿವಿಗೆ? ಮಾಲೀಕರ ಎಡಗಿವಿ ಎಂಆರ್‌ಐವರೆಗೂ ಹೋಗುತ್ತದೆ. ಲೈನ್‌ಮನೆಯ ಆಳಿನ ಎರಡು ಕಿವಿಯೂ ಹೋದ ಮೇಲೆ ತೋಟದ ರೈಟರ್, ಅಂದರೆ ಆಳುಗಳ ಲೆಕ್ಕ ನೋಡುವವರು, "ಇವನಿಗೆ ಹೇಳಿದ್ದು ಅರ್ಥವೇ ಆಗಲ್ಲ ಸಾರ್" ಅಂತ ಕರೆದುಕೊಂಡು ಬರುತ್ತಾರೆ.

ಪ್ರಶ್ನೆ: ದಸರಾ ಮಂಟಪದ ಡಿಜೆ ಮುಂದೆ ಕುಣಿದ ಮೇಲೆ ಒಂದು ದಿನ ಕಿವಿ ಗುಂಯ್ ಅಂತು, ಆಮೇಲೆ ಸರಿ ಹೋಯ್ತು. ತೊಂದರೆ ಇಲ್ಲ ಅಲ್ವಾ? (ಮಡಿಕೇರಿ)

ಮೇಲಿನ ಉತ್ತರ ಮತ್ತೆ ಓದಿ. ಕುಣಿಯಿರಿ, ಸ್ಪೀಕರ್ ಮುಂದೆ ಬೇಡ.

ಪ್ರಶ್ನೆ: ಮಗುವಿನ ಕಿವಿಗೆ ಹುಳು ಹೋದರೆ? (ಸೋಮವಾರಪೇಟೆ)

ಎಣ್ಣೆಗೆ ನಾನು ಒಪ್ಪುವ ಒಂದೇ ಸಂದರ್ಭ. ಕಿವಿ ಸೋರುವ ಮಗು ಅಲ್ಲದಿದ್ದರೆ, ತಮಟೆ ತೂತಿಲ್ಲದಿದ್ದರೆ, ನಾಲ್ಕು ಹನಿ ಬಿಸಿ ಮಾಡದ ಅಡುಗೆ ಎಣ್ಣೆ ಬಿಡಿ, ಹುಳು ಒದ್ದಾಡುವುದು ನಿಲ್ಲುತ್ತದೆ. ತೆಗೆಯುವ ಕೆಲಸ ನಮ್ಮದು. ಟಾರ್ಚ್, ಪಿನ್ನು ಹಿಡಿದು ಕೂರಬೇಡಿ.

ಪ್ರಶ್ನೆ: ತೊರೆ ನೀರು ಕುಡಿದ ಮೇಲೆ ಒಂದೇ ಮೂಗಿನಿಂದ ಆಗಾಗ ರಕ್ತ, ಒಳಗೆ ಏನೋ ಹರಿದಾಡಿದ ಹಾಗೆ. ಜಿಗಣೆ ಇರಬಹುದಾ? (ಭಾಗಮಂಡಲ)

ಇರಬಹುದು. ನಾಳೆಯೇ ಬನ್ನಿ. ಕಾಲಿಗೆ ಹಚ್ಚುವ ಹೊಗೆಸೊಪ್ಪು, ಸುಣ್ಣ, ಉಪ್ಪು ಯಾವುದನ್ನೂ ಮೂಗಿಗೆ ಹಾಕಬೇಡಿ. ಬಾಲ ಕಂಡರೂ ಎಳೆಯಬೇಡಿ.