ಕಾರಿನ ಆಂಟೆನಾದಲ್ಲಿ ಕಾಯಿಲ್ ಎಲ್ಲಿರಬೇಕು?

ಪ್ರಶ್ನೆ: ನಾನು ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿ ಪಡೆದವನು. ಕಾರಿನಿಂದ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತನಾಡಲು 2.4 ಮೀಟರ್ ಎತ್ತರದ ಆಂಟೆನಾ ಮಾಡಿಕೊಂಡು, ಅದರ ಬುಡದಲ್ಲಿ ಲೋಡಿಂಗ್ ಕಾಯಿಲ್ (ಗಿಡ್ಡ ಆಂಟೆನಾವನ್ನು ಬ್ಯಾಂಡಿಗೆ ಟ್ಯೂನ್ ಮಾಡುವ ತಂತಿಯ ಸುರುಳಿ) ಇಟ್ಟಿದ್ದೇನೆ. ಕಾಯಿಲನ್ನು ನಡುವಿಗೆ ಏರಿಸಿದರೆ ದಕ್ಷತೆ ಹೆಚ್ಚುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಜ, ಆದರೆ ಕಾಯಿಲ್ ಚೆನ್ನಾಗಿದ್ದರೆ ಮಾತ್ರ. ಈ ಬ್ಯಾಂಡಿನ ತರಂಗಾಂತರ ಸುಮಾರು 42 ಮೀಟರ್ ಆಗಿರುವುದರಿಂದ ಕಾಲು ತರಂಗಾಂತರದ ಆಂಟೆನಾಕ್ಕೆ ಹತ್ತು ಮೀಟರಿಗೂ ಹೆಚ್ಚು ಎತ್ತರ ಬೇಕು. ಅದು ಕಾರಿನ ಮೇಲೆ ಆಗದ ಮಾತು. ಇಷ್ಟು ಗಿಡ್ಡ ಕಡ್ಡಿ ಕೆಪಾಸಿಟರಿನಂತೆ ವರ್ತಿಸುತ್ತದೆ. ನಿಮ್ಮ ಅಳತೆಗೆ ಅದರ ರಿಯಾಕ್ಟೆನ್ಸ್ (ಪರ್ಯಾಯ ಪ್ರವಾಹಕ್ಕೆ ಒಡ್ಡುವ ತಡೆ) ಸುಮಾರು 900 ಓಮ್ ಬರುತ್ತದೆ, ಅದನ್ನು ಸರಿದೂಗಿಸಲು ಬುಡದಲ್ಲಿ 20 ಮೈಕ್ರೋಹೆನ್ರಿಯ ಕಾಯಿಲ್ ಸಾಕು.

ಕಾಯಿಲ್ ಬುಡದಲ್ಲಿದ್ದಾಗ ವಿದ್ಯುತ್ ಪ್ರವಾಹವು ಬುಡದಿಂದ ತುದಿಯವರೆಗೆ ಒಂದೇ ಸಮನೆ ಇಳಿಯುತ್ತ ಸೊನ್ನೆಯಾಗುತ್ತದೆ, ಹಾಗಾಗಿ ವಿಕಿರಣ ರೋಧ (ಗಾಳಿಗೆ ಸೇರುವ ಪವರನ್ನು ಓಮಿನಲ್ಲಿ ಹೇಳುವ ಲೆಕ್ಕ) 1.3 ಓಮಿನಷ್ಟೇ ಇರುತ್ತದೆ. ಕಾಯಿಲನ್ನು ನಡುವಿಗೆ ಏರಿಸಿದರೆ ಕೆಳಗಿನ ಅರ್ಧದುದ್ದಕ್ಕೂ ಪ್ರವಾಹ ಹೆಚ್ಚುಕಡಿಮೆ ಕುಗ್ಗದೆ ಹರಿದು, ವಿಕಿರಣ ರೋಧ 2.8 ಓಮಿನ ಆಸುಪಾಸಿಗೆ ಏರುತ್ತದೆ. ಸ್ನೇಹಿತರು ಹೇಳುವ ಲಾಭ ಇದೇ. ಆದರೆ ಕಾಯಿಲಿನ ಮೇಲೆ ಉಳಿಯುವ ಕಡ್ಡಿ ಅರ್ಧದಷ್ಟೇ ಆದ್ದರಿಂದ ಅದರ ಕೆಪಾಸಿಟನ್ಸ್ ಕಡಿಮೆಯಾಗಿ, ಬೇಕಾಗುವ ಇಂಡಕ್ಟೆನ್ಸ್ ಸುಮಾರು ಎರಡು ಪಟ್ಟಾಗುತ್ತದೆ. ಸುತ್ತುಗಳು ಹೆಚ್ಚಿದಂತೆ ತಂತಿಯ ನಷ್ಟವೂ ಹೆಚ್ಚುತ್ತದೆ.

ಕಾರಿನ ಮೈ ಮತ್ತು ನೆಲದ ನಷ್ಟವನ್ನು 8 ಓಮ್ ಎಂದು ಇಟ್ಟುಕೊಳ್ಳೋಣ. ಕಾಯಿಲಿನ ಕ್ಯೂ (ಅದರ ರಿಯಾಕ್ಟೆನ್ಸ್ ನಷ್ಟದ ಓಮಿನ ಎಷ್ಟು ಪಟ್ಟು ಎಂಬ ಗುಣಾಂಕ) 300 ಇದ್ದರೆ ಅದರ ನಷ್ಟ ಬುಡದಲ್ಲಿ 3 ಓಮ್, ನಡುವಿನಲ್ಲಿ 6 ಓಮ್. ಆಗ 100 ವ್ಯಾಟಿನಲ್ಲಿ ಗಾಳಿಗೆ ಸೇರುವುದು ಕ್ರಮವಾಗಿ ಸುಮಾರು 10 ವ್ಯಾಟ್ ಮತ್ತು 17 ವ್ಯಾಟ್. ತೆಳು ತಂತಿಯಲ್ಲಿ ಒತ್ತೊತ್ತಾಗಿ ಸುತ್ತಿದ, ಕ್ಯೂ 100ರ ಕಾಯಿಲನ್ನು ನಡುವಿನಲ್ಲಿ ಕೂರಿಸಿದರೆ ಅದೊಂದೇ 18 ಓಮ್ ತಿನ್ನುವುದರಿಂದ ಗಾಳಿಗೆ ಹೋಗುವುದು ಮತ್ತೆ 10 ವ್ಯಾಟ್ ಮಾತ್ರ. ಅಂದರೆ ಬುಡದಲ್ಲಿರುವ ಒಳ್ಳೆಯ ಕಾಯಿಲೂ ನಡುವಿನಲ್ಲಿರುವ ಕಳಪೆ ಕಾಯಿಲೂ ಒಂದೇ. 10ರಿಂದ 17ಕ್ಕೆ ಏರಿದ್ದೂ 2 ಡೆಸಿಬಲ್ ಚಿಲ್ಲರೆಯಷ್ಟೆ. ಎದುರಿನವರ ರೇಡಿಯೋದಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಎಸ್ ಮೀಟರಿನಲ್ಲಿ ಅದು ಅರ್ಧ ಅಂಕವೂ ಆಗುವುದಿಲ್ಲ.

ಆದ್ದರಿಂದ ಮೊದಲು ಕಾಯಿಲನ್ನು ಸುಧಾರಿಸಿಕೊಳ್ಳಿ. ದಪ್ಪ ತಂತಿಯನ್ನು ಸುತ್ತುಗಳ ನಡುವೆ ತಂತಿಯ ದಪ್ಪದಷ್ಟೇ ಜಾಗ ಬಿಟ್ಟು ಸುತ್ತಿ. ಕಾಯಿಲಿನ ಉದ್ದ ಅದರ ವ್ಯಾಸದಷ್ಟು, ಹೆಚ್ಚೆಂದರೆ ಎರಡರಷ್ಟು ಇರಲಿ. ಈ ಆವರ್ತನದಲ್ಲಿ ಪ್ರವಾಹ ಹರಿಯುವುದು ತಾಮ್ರದ ಮೇಲ್ಮೈಯ ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು ಪದರದಲ್ಲಿ ಆದ್ದರಿಂದ ಮಲೆನಾಡಿನ ಮಳೆಯಲ್ಲಿ ಕಿಲುಬು ಹಿಡಿಯದಂತೆ ಕಾಪಾಡಿಕೊಳ್ಳುವುದು ಅಗತ್ಯ. ಕಾಯಿಲಿಗೆ ತಾಗಿಸಿಯೇ ಅಗಲವಾದ ಲೋಹದ ಬಿಲ್ಲೆ ಕೂರಿಸುವುದೂ ಕ್ಯೂವನ್ನು ಕೆಡಿಸುತ್ತದೆ. ನಡುವಿಗೆ ಏರಿಸಿದರೆ ಭಾರದ ಕಾಯಿಲ್ ಹೊತ್ತ ಕಡ್ಡಿ ಗಾಳಿಗೆ ಓಲಾಡುತ್ತದೆ, ಘಾಟಿಯ ಮರದ ಕೊಂಬೆಗಳಿಗೂ ತಗಲುತ್ತದೆ. ನಾನಾದರೆ ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರದಲ್ಲಿಟ್ಟು, ಉಳಿದ ಶ್ರಮವನ್ನು ಬಾನೆಟ್ಟು, ಡಿಕ್ಕಿ, ಬಾಗಿಲುಗಳನ್ನು ಅಗಲವಾದ ತಾಮ್ರದ ಪಟ್ಟಿಗಳಿಂದ ಚಾಸಿಗೆ ಬಿಗಿಯಲು ಬಳಸುತ್ತೇನೆ. ಆ 8 ಓಮಿನಲ್ಲಿ 3 ಓಮ್ ಇಳಿಸಿದರೂ ಕಾಯಿಲ್ ಏರಿಸಿದ್ದರ ಅರ್ಧದಷ್ಟು ಲಾಭ ಸಿಕ್ಕಂತೆ.

ಪ್ರಶ್ನೆ: ಅಂಗಡಿಯಿಂದ ತಂದ ಆಂಟೆನಾ ನೇರವಾಗಿ ಜೋಡಿಸಿದರೂ 1.1 ಎಸ್‌ಡಬ್ಲ್ಯುಆರ್ (ಕೇಬಲ್ಲಿಗೂ ಆಂಟೆನಾಕ್ಕೂ ಇರುವ ಹೊಂದಾಣಿಕೆಯ ಅಳತೆ, 1 ಇದ್ದರೆ ಪೂರ್ತಿ ಹೊಂದಾಣಿಕೆ) ತೋರಿಸುತ್ತದೆ, ನಾನು ಮಾಡಿದ್ದು 3 ತೋರಿಸುತ್ತದೆ. ಎರಡರ ಉದ್ದವೂ ಒಂದೇ. ನನ್ನದನ್ನು ಬಿಟ್ಟುಬಿಡಲೇ?
– ಓದುಗರೊಬ್ಬರು, ಹಾಸನ

ಉತ್ತರ: ಬಿಡಬೇಡಿ. ಮೇಲಿನ ಉತ್ತರದಲ್ಲಿ ಕಾಯಿಲ್ ನಡುವಿನಲ್ಲಿದ್ದಾಗ ಬಂದ 2.8, 6 ಮತ್ತು 8 ಓಮುಗಳನ್ನು ಕೂಡಿದರೆ 17 ಓಮಿನ ಹತ್ತಿರ ಬರುತ್ತದೆ, 50 ಓಮಿನ ಕೇಬಲ್ಲಿಗೆ ಅದು ತೋರಿಸಬೇಕಾದದ್ದು 3ನ್ನೇ. ಅಷ್ಟೇ ಗಿಡ್ಡ ಆಂಟೆನಾ ಯಾವ ಮ್ಯಾಚಿಂಗ್ ವ್ಯವಸ್ಥೆಯೂ ಇಲ್ಲದೆ 1.1 ತೋರಿಸುತ್ತಿದ್ದರೆ, 50 ಓಮಿನ ಬಹುಪಾಲು ನಷ್ಟವೇ ಆಗಿರುತ್ತದೆ. ಅದರೊಳಗೇ ಮ್ಯಾಚಿಂಗ್ ಕಾಯಿಲ್ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಬ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೂ ಎಸ್‌ಡಬ್ಲ್ಯುಆರ್ ಏರದೇ ಇರುವುದು ಕೂಡ ಅನುಮಾನಕ್ಕೆ ಕಾರಣ. ನಿಮ್ಮ ಆಂಟೆನಾದ ಬುಡದಿಂದ ಚಾಸಿಗೆ ಒಂದು ಮೈಕ್ರೋಹೆನ್ರಿಗೂ ಕಡಿಮೆಯ ಸಣ್ಣ ಕಾಯಿಲ್ ಜೋಡಿಸಿ, ಕಡ್ಡಿಯನ್ನು ಮತ್ತೆ ಸ್ವಲ್ಪ ಟ್ಯೂನ್ ಮಾಡಿದರೆ ಅದೂ 1ರ ಹತ್ತಿರಕ್ಕೆ ಇಳಿಯುತ್ತದೆ. ಬಳಿಕ ಒಂದೇ ಜಾಗದಲ್ಲಿ, ಒಂದೇ ಪವರಿನಲ್ಲಿ ಎರಡನ್ನೂ ಬದಲಿಸಿ, ದೂರದಲ್ಲಿಟ್ಟ ಫೀಲ್ಡ್ ಸ್ಟ್ರೆಂತ್ ಮೀಟರಿನಲ್ಲಿ ಹೋಲಿಸಿ. ಅರ್ಧ ನಿಮಿಷ ಕ್ಯಾರಿಯರ್ (ಮಾತಿಲ್ಲದ ಬರಿಯ ತರಂಗ) ಕೊಟ್ಟು, ಪ್ರಸಾರವನ್ನು ಪೂರ್ತಿ ನಿಲ್ಲಿಸಿದ ಮೇಲೆ ಕಾಯಿಲುಗಳನ್ನು ಮುಟ್ಟಿ ನೋಡಿದರೂ ಯಾವುದು ಎಷ್ಟು ಪವರ್ ನುಂಗುತ್ತಿದೆ ಎಂಬ ಅಂದಾಜು ಸಿಗುತ್ತದೆ.