ಕಿವಿ ಕೇಳದ ನನ್ನ 4 ವರ್ಷದ ಮಗನಿಗೆ 26 ಬೆರಳಕ್ಷರಗಳೂ (ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಕೈಬೆರಳುಗಳಲ್ಲಿ ಮಾಡುವ ಗುರುತು) ಬರುತ್ತವೆ. ಪದ ಓದಿಸಲು ಇನ್ನೆಷ್ಟು ದಿನ ಬೇಕು? ಕನ್ನಡಕ್ಕೂ ಬೆರಳಕ್ಷರ ಕಲಿಸಬೇಕೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದ ಬೆರಳಕ್ಷರದ ಪಟ ಕಣ್ಣಿಗೆ ಕಟ್ಟಿತು. ನನ್ನ ಮಗಳಿಗೂ ಆಗ 4 ವರ್ಷ. ಈಗ 14.

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ಎರಡೂ ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದ ಮೇಲೆ ನಾನು ಹಠಕ್ಕೆ ಬಿದ್ದಿದ್ದೆ. ಮಾತು ತಡವಾದರೆ ಆಗಲಿ, ಓದು ತಡವಾಗಬಾರದು. ಮೂರೇ ತಿಂಗಳಲ್ಲಿ ಅಕ್ಷರಗಳೆಲ್ಲ ಅವಳ ಕೈಗೆ ಕುಳಿತವು. ಎರಡು ಕೈಯಲ್ಲೂ ಉಂಗುರ ಮಾಡಿ ಜೋಡಿಸಿದರೆ ಬಿ, ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿದರೆ ಎಸ್. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬಸ್ ಎಂದು ಬರೆದು ತೋರಿಸಿದರೆ ಬಿ, ಯು, ಎಸ್ ಎಂದು ಬಿಡಿಬಿಡಿಯಾಗಿ ಮಾಡಿ ಮುಗಿಸುತ್ತಿದ್ದಳು. ತಪ್ಪಿಲ್ಲದಿದ್ದರೆ ಒಂದು ಶುಂಠಿ ಪೆಪ್ಪರಮಿಂಟು. ಮನೆಗೆ ಬಂದವರ ಮುಂದೆಲ್ಲ ಮಾಡಿಸಿದೆ.

ಒಂದು ದಿನ ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಕೆಂಪು ಬಸ್ಸೊಂದು ನಮ್ಮೆದುರಿಗೇ ಬಂದು ನಿಂತಿತು. ನಾನು ಉತ್ಸಾಹದಿಂದ ಬಿ, ಯು, ಎಸ್ ಮಾಡಿದೆ. ಅವಳು ಬಸ್ಸಿನತ್ತ ತಿರುಗಿಯೂ ನೋಡಲಿಲ್ಲ. ನನ್ನ ಮುಖ ನೋಡಿ ಅಂಗೈ ಚಾಚಿದಳು. ಅವಳ ಪಾಲಿಗೆ ಬಿ-ಯು-ಎಸ್ ಎಂದರೆ ಪೆಪ್ಪರಮಿಂಟು!

ಈ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಮ್ಮ ಒಂದೂವರೆ ವರ್ಷ ಹೋಯಿತು. ಕಿವಿ ಕೇಳುವ ಮಗು ಶಾಲೆಯಲ್ಲಿ ಅಕ್ಷರ ತಿದ್ದುವ ಹೊತ್ತಿಗೆ ಬಸ್ಸು ಎಂಬ ಮಾತನ್ನು ಸಾವಿರ ಸಲ ಕೇಳಿರುತ್ತದೆ, ಬಸ್ಸಿಗಾಗಿ ಅತ್ತಿರುತ್ತದೆ. ಅಕ್ಷರ ಆ ಮಾತಿನ ಮೇಲೆ ಹೋಗಿ ಕೂರುತ್ತದೆ. ನನ್ನ ಮಗಳಿಗೆ ಬಸ್ಸಿಗೆ ಬಾಯಲ್ಲೂ ಮಾತಿರಲಿಲ್ಲ, ಕೈಯಲ್ಲೂ ಇರಲಿಲ್ಲ. ಕೈಯಲ್ಲಿ ಇಲ್ಲದಂತೆ ಮಾಡಿದವಳು ನಾನೇ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂದು ಮನೆಯ ಹಿರಿಯರೊಬ್ಬರು ಹೇಳಿದ್ದನ್ನು ನಂಬಿ ಮನೆಯಲ್ಲಿ ಸನ್ನೆಯನ್ನೇ ನಿಲ್ಲಿಸಿದ್ದೆ. ಬೆರಳಕ್ಷರ ಮಾತ್ರ ನಡೆಯುತ್ತಿತ್ತು, ಅದು ‘ವಿದ್ಯೆ’ ನೋಡಿ! ಸಾಲದ್ದಕ್ಕೆ ಒಂದೊಂದು ಅಕ್ಷರಕ್ಕೂ ನಿಂತು, ಅವಳ ಮುಖ ನೋಡಿ, ಮುಂದಿನದಕ್ಕೆ ಹೋಗುತ್ತಿದ್ದೆ. ಯಾರಾದರೂ ನಿಮ್ಮ ಹೆಸರನ್ನು ಅಕ್ಷರಕ್ಕೊಂದು ಸಲ ಕೆಮ್ಮಿ ಕರೆದರೆ ನೀವು ತಿರುಗಿ ನೋಡುತ್ತೀರಾ?

ದಾರಿ ತೋರಿಸಿದ್ದು ನಮ್ಮ ಬೀದಿಯ ಟೈಲರ್ ಅಂಗಡಿಯಲ್ಲಿದ್ದ ಯುವಕ. ಅವನೂ ಹುಟ್ಟು ಕಿವುಡ. ಮಗಳ ಲಂಗಕ್ಕೆ ಅಳತೆ ಕೊಡಲು ಹೋಗಿದ್ದಾಗ ಹೊರಗೆ ಬಸ್ಸು ಹೋಯಿತು. ಅವನು ಅದರತ್ತ ಬೆರಳು ತೋರಿಸಿ, ಬಸ್ಸಿನ ಸನ್ನೆ ಮಾಡಿ, ಒಂದೇ ಬೀಸಿನಲ್ಲಿ ಬೆರಳಕ್ಷರ ಮುಗಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ಪದ ಬರೆದು, ಮತ್ತೆ ಸನ್ನೆ ಮಾಡಿದ. ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ. ಮಗಳು ಕೈಯಲ್ಲಿ ಏನೋ ಕಲಸಿದಂತೆ ಮಾಡಿದಳು. ಮೊದಲಿಗೆ ಬಿ, ಕೊನೆಗೆ ಎಸ್, ನಡುವೆ ಬರೀ ಗಡಿಬಿಡಿ. ತಿದ್ದಲು ಹೋದ ನನ್ನ ಕೈಯನ್ನು ಅವನು ಹಿಡಿದು ನಿಲ್ಲಿಸಿದ.

ಅಮೆರಿಕದ ಭಾಷಾವಿಜ್ಞಾನಿ ಕ್ಯಾರಲ್ ಪ್ಯಾಡನ್, ಸ್ವತಃ ಕಿವುಡರು, ಕಿವುಡ ಮಕ್ಕಳು ಬೆರಳಕ್ಷರವನ್ನು ಎರಡು ಬಾರಿ ಕಲಿಯುತ್ತಾರೆ ಎಂದಿದ್ದಾರೆ. ಮೊದಲು ಇಡೀ ಪದವನ್ನು ಒಂದೇ ಚಲನೆಯಾಗಿ ಹಿಡಿಯುತ್ತಾರೆ, ಅದರೊಳಗೆ ಅಕ್ಷರಗಳಿವೆ ಎಂಬುದು ಆಮೇಲೆ ತಿಳಿಯುತ್ತದೆ. ನಾನು ಇದನ್ನು ಓದಿದ್ದು ವರ್ಷಗಳ ನಂತರ. ಟೈಲರ್‌ಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಆದ್ದರಿಂದ 26 ಬಂದಿವೆ, ಇನ್ನು ಪದ ಎನ್ನುವ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಪಟ ತೆಗೆದಿಡಿ. ಮೊದಲು ಸನ್ನೆ ಭಾಷೆ, ಮಗನ ಜೊತೆಗೆ ನೀವೂ ಕಲಿಯಬೇಕು. ನಮ್ಮ ಕಾಲಕ್ಕೆ ಇಲ್ಲದ್ದು ಈಗ ಇದೆ: ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟು. 2021ರ ಆವೃತ್ತಿಯಲ್ಲೇ 10,000 ಪದಗಳಿವೆ. ಯೂಟ್ಯೂಬಿನಲ್ಲಿ ಸಿಕ್ಕಿದ್ದನ್ನೆಲ್ಲ ನಂಬಬೇಡಿ. ಅಲ್ಲಿ ಎದುರಾಗುವ ಒಂದೇ ಕೈಯ ಬೆರಳಕ್ಷರ ಹೆಚ್ಚಾಗಿ ಅಮೆರಿಕದ್ದು. ನಮ್ಮಲ್ಲಿ ಬಹುಪಾಲು ಅಕ್ಷರಗಳಿಗೆ ಎರಡೂ ಕೈ ಬೇಕು.

ಕನ್ನಡಕ್ಕೂ ಬೆರಳಕ್ಷರ ಬೇಕೇ ಎಂದು ಕೇಳಿದ್ದೀರಿ. ಮನೆಯಲ್ಲೇ ಕೂತು ಹೊಸದಾಗಿ ಕಟ್ಟಲು ಹೋಗಬೇಡಿ. ಬಸ್ಸು ಎನ್ನುವುದನ್ನೇ ನೋಡಿ, ಕಾಗದದ ಮೇಲೆ ಎರಡೇ ಅಕ್ಷರ. ಕೈಯಲ್ಲಿ ಮಾಡಹೊರಟರೆ ಬ, ಸ, ಸಕಾರದ ಒತ್ತು, ಕೊಂಬು, ನಾಲ್ಕು ಕೆಲಸ. ಅಷ್ಟು ಕಷ್ಟಪಟ್ಟು ನೀವು ಕಟ್ಟಿದ್ದು ನಿಮ್ಮ ಮನೆಯ ಹೊಸ್ತಿಲು ದಾಟಿದರೆ ಇನ್ನೊಬ್ಬ ಕಿವುಡನಿಗೆ ಅರ್ಥವಾಗುವುದಿಲ್ಲ. ನಾವು ಕನ್ನಡ ಪದವನ್ನು ಇಡಿಯಾಗಿ ಬರೆದು ಸನ್ನೆಯ ಜೊತೆ ತೋರಿಸಿದೆವು. ಒತ್ತಕ್ಷರ ತೊಡಕಾದಾಗ ಅವಳ ಅಂಗೈ ಮೇಲೆ ಬೆರಳಿನಿಂದ ಬರೆದೆ. ಇಂಗ್ಲಿಷ್ ಪದಕ್ಕೆ, ಊರು ಮತ್ತು ಜನರ ಹೆಸರಿಗೆ ಬೆರಳಕ್ಷರ.

ಪುಸ್ತಕ ಓದಿಸುವಾಗ ಇನ್ನೊಂದು ಫಜೀತಿ ಇದೆ. ಎರಡೂ ಕೈ ಅಕ್ಷರಕ್ಕೆ ಹೋದರೆ ಪುಸ್ತಕ ಹಿಡಿಯುವವರು ಯಾರು? ಅಟ್ಟದಲ್ಲಿದ್ದ ನಮ್ಮ ಮಾವನವರ ವ್ಯಾಸಪೀಠ ಒರೆಸಿ ತಂದೆ. ಭಾರತ ಓದಲು ಇಟ್ಟಿದ್ದ ಪೀಠದ ಮೇಲೆ ಬೆಕ್ಕಿನ ಕಥೆ. ನಾನು ಅವಳ ಎದುರಿಗೆ, ಪೀಠದ ಹಿಂದೆ ಕೂರುತ್ತಿದ್ದೆ. ಅವಳು ಚಿತ್ರ ನೋಡಿ ಮುಗಿಸಿ ತಲೆ ಎತ್ತುವವರೆಗೆ ನನ್ನ ಕೈ ಸುಮ್ಮನಿರಬೇಕು. ಅವಳ ಕಣ್ಣು ಪುಟದ ಮೇಲಿದ್ದಾಗ ನಾನು ಮಾಡಿದ ಸನ್ನೆ ಗೋಡೆಗೆ ಹೇಳಿದಂತೆ. ಈ ಕಾಯುವುದನ್ನು ಕಲಿಯಲು ನನಗೆ ಹಿಡಿದಷ್ಟು ದಿನ ಅವಳಿಗೆ ಪದ ಕಲಿಯಲು ಹಿಡಿಯಲಿಲ್ಲ.

ಎಷ್ಟು ದಿನ ಎಂಬುದಕ್ಕೆ ನಮ್ಮ ಮನೆಯ ಲೆಕ್ಕವನ್ನಷ್ಟೇ ಹೇಳಬಲ್ಲೆ. ಮಗಳಿಗೆ 7 ತುಂಬಿದ ಮೇಲೆ ಒಂದು ಸಂಜೆ ಅದೇ ನಿಲ್ದಾಣದಲ್ಲಿ ಹಾಸನದ ಬಸ್ಸೆಂದು ನಾನು ಹತ್ತಲು ಹೊರಟಿದ್ದೆ. ಹಿಂದಿನಿಂದ ಸೆರಗು ಜಗ್ಗಿದಳು. ತಲೆ ಎತ್ತಿ ನೋಡಿದರೆ ಬೋರ್ಡಿನಲ್ಲಿ ತಿಪಟೂರು ಎಂದಿತ್ತು.